ಬೀಜದ ಲಿಸ್ಟ್ ಆಮೇಲೆ ಕೊಡ್ತೀನಿ ಮೇಷ್ಟ್ರೇ, ಮೊದ್ಲು ಏಪ್ರಿಲ್ ಕಥೆ ಏನು ಹೇಳ್ರಿ

ನಮಸ್ಕಾರ ಮೇಷ್ಟ್ರೇ. ಜಗಳೂರು ಕಡೆ ತಾಂಡಾ ಶಾಲೆ, 70 ಮಕ್ಳು, ಒಂದು ಗುಂಟೆ ಚಿಲ್ರೆ ಜಾಗ, ಬೋರಲ್ಲಿ ನೀರು ಅಷ್ಟಕ್ಕಷ್ಟೆ, ಬಿಸಿಯೂಟಕ್ಕೆ ಆಗೋ ಹಂಗೆ ಯಾವ ತರಕಾರಿ ಹಾಕ್ಲಿ ಅಂತ ಕೇಳಿದ್ರಿ. ಮೇಲೆ ಆಗ್ಲೇ ಟೊಮೇಟೊ ಹಾಕ್ರಿ, ಬೆಂಡೆ ಹಾಕ್ರಿ ಅಂತ ಇಪ್ಪತ್ತು ಜನ ಬರ್ದಿದಾರೆ. ನಾನು ಚಳ್ಳಕೆರೆ ಕಡೆ ಶೇಂಗಾ ಬೆಳೆಯೋನು, ನಮ್ಮೂರ ಶಾಲೆ ಎಸ್‌ಡಿಎಂಸಿಯಲ್ಲಿ (ಶಾಲಾ ಅಭಿವೃದ್ಧಿ ಸಮಿತಿ) ಆರು ವರ್ಷ ಇದ್ದೆ, ಕೈತೋಟ ಎರಡು ಸಲ ಒಣಗಿಸಿ ಮೂರನೇ ಸಲಕ್ಕೆ ಉಳಿಸ್ಕೊಂಡಿದೀವಿ. ಅದ್ಕೇ ಬೀಜದ ಮಾತು ಬಿಟ್ಟು ಬೇರೆ ಕೇಳ್ತೀನಿ, ಏಪ್ರಿಲ್ ಎರಡನೇ ವಾರ ರಜೆ ಕೊಟ್ರೆ ಮೇ ಕೊನೆವರೆಗೂ ನೀರು ಹಾಕೋರು ಯಾರು?

ನಮ್ದು ಎರಡೂ ಸಲ ಹೋಗಿದ್ದು ಆ ಒಂದೂವರೆ ತಿಂಗಳಲ್ಲೇ. ಮೊದಲ್ನೇ ವರ್ಷ ಫೆಬ್ರವರಿಯಲ್ಲಿ ಬದನೆಕಾಯಿ ಎಷ್ಟು ಬಿಟ್ಟಿದ್ವು ಅಂದ್ರೆ ಹುಡ್ರು ಮನೆಗೂ ಒಯ್ದಿದ್ವು, ಬಂದೋರೆಲ್ಲ ಫೋಟೋ ಹೊಡ್ಕೊಂಡು ಹೋದ್ರು. ರಜೆ ಮುಗ್ಸಿ ಗೇಟ್ ತೆಗೆದ್ರೆ ಗಿಡ ಎಲ್ಲ ಒಲೆಗೆ ಹಾಕೋ ಕಟ್ಟಿಗೆ, ಮಡಿ ಮೇಲೆ ಎರಡು ಮೇಕೆ ಆರಾಮಾಗಿ ಮಲ್ಕೊಂಡಿದ್ವು. ಎರಡನೇ ಸಲ ಪಾಳಿ ಹಾಕಿ ಏಳನೇ ಕ್ಲಾಸ್ ಹುಡ್ರಿಗೆ ವಹಿಸಿದ್ವಿ, ಅವು ಅಜ್ಜಿ ಊರಿಗೆ ಹೋದ್ವು, ಅವುಗಳ ತಪ್ಪೇನೈತೆ.

ಮೂರನೇ ಸಲ ನಮ್ಮ ಬಿಸಿಯೂಟದ ಅಕ್ಕನ್ನೇ ಕೂರಿಸ್ಕೊಂಡು ಮಾತಾಡಿದ್ವಿ, ಅವ್ರ ಮನೆ ಶಾಲೆ ಹಿಂದೇನೇ, ಸ್ವಂತ ಜಮೀನಿಲ್ಲ. ರಜೇಲಿ ಏನು ಬಿಟ್ರೂ ಪೂರ್ತಿ ನಿಮ್ದು, ತಿನ್ರಿ, ಮಾರ್ರಿ, ನಾವು ಲೆಕ್ಕ ಕೇಳಲ್ಲ, ಶಾಲೆ ಶುರುವಾದಾಗ ಗಿಡ ಜೀವಂತ ಇದ್ರೆ ಸಾಕು ಅಂತ ಠರಾವು ಪುಸ್ತಕದಲ್ಲೇ ಬರ್ಸಿದ್ವಿ. ಬರ್ಸೋದು ಮುಖ್ಯ, ಇಲ್ದಿದ್ರೆ ಶಾಲೆ ನುಗ್ಗೆಕಾಯಿ ಕದ್ಲು ಅಂತ ಊರಲ್ಲಿ ಯಾರಾದ್ರೂ ಬಾಯಿ ತೆಗೀತಾರೆ. ಆ ವರ್ಷ ಅಕ್ಕ ಸಂತೆ ದಿನ ನುಗ್ಗೆಕಾಯಿ, ಸೊಪ್ಪು ಚಳ್ಳಕೆರೆಗೆ ಒಯ್ದು ಮಾರಿದ್ರು, ನಮ್ಗೆ ಗಿಡ ಉಳೀತು. ನಿಮ್ದು ತಾಂಡಾ ಆಗಿರೋದ್ರಿಂದ ಇನ್ನೊಂದು ನೋಡ್ಕೊಳ್ರಿ, ಕಾಫಿ ತೋಟಕ್ಕೋ ಕಬ್ಬು ಕಡಿಯೋಕೋ ಗುಳೆ ಹೋಗೋ ಮನೆಗೆ ವಹಿಸ್ಬೇಡ್ರಿ, ಊರಲ್ಲೇ ಉಳಿಯೋ ಮನೆ ಎರಡು ಹುಡುಕ್ರಿ, ಒಂದು ಸಾಲಲ್ಲ.

ಈಗ ಬಿಸಿಯೂಟದ ಲೆಕ್ಕ. ಒಂದರಿಂದ ಐದನೇ ಕ್ಲಾಸಿನ ಮಗುಗೆ ದಿನಕ್ಕೆ 50 ಗ್ರಾಂ ತರಕಾರಿ, ಆರರಿಂದ ಎಂಟಕ್ಕೆ 75 ಗ್ರಾಂ. 50ರ ಲೆಕ್ಕ ಹಿಡಿದ್ರೂ 70 ಮಕ್ಕಳಿಗೆ ದಿನಕ್ಕೆ ಮೂರೂವರೆ ಕೆಜಿ, ತಿಂಗಳಿಗೆ 24 ದಿನ ಅಂದ್ರೆ 84 ಕೆಜಿ. ನಿಮ್ಮ ಒಂದು ಗುಂಟೇಲಿ, ಆ ನೀರಲ್ಲಿ, ಇದು ಆಗೋ ಮಾತಲ್ಲ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಾಹೇಬ್ರ ಮುಂದೆ ಒಪ್ಕೊಂಡು ಸಿಕ್ಕಾಕ್ಕೋಬೇಡ್ರಿ. ತರಕಾರಿ ಅಂಗಡಿಯಿಂದ ಬರ್ಲಿ, ಅಂಗಡಿಯಿಂದ ತರದೇ ಇರೋದು ತೋಟದಿಂದ ಬರ್ಲಿ. ಸೊಪ್ಪು, ಕರಿಬೇವು, ಪಪ್ಪಾಯಿ, ನುಗ್ಗೆ. ತಾಂಡಾ ಮಕ್ಳ ತಟ್ಟೆಗೆ ದಿನಾ ಬೀಳ್ದೇ ಇರೋದೂ ಇವೇ ತಾನೇ.

ನುಗ್ಗೆ ಬಗ್ಗೆ ಸ್ವಲ್ಪ ಜಾಸ್ತಿ ಬರೀತೀನಿ, ನಂಗೆ ಅದ್ರ ಮೇಲೇ ನಂಬಿಕೆ. ಆರು ಗಿಡ ಸಾಕು, ಪಿಕೆಎಂ-1 ತಳಿ ಬೀಜ ನೇರ ಗುಂಡಿಗೇ ಹಾಕ್ರಿ. ಕಡ್ಡಿ ನೆಟ್ರೂ ಬರ್ತೈತೆ, ಆದ್ರೆ ನಮ್ಮ ಕಡೆ ಆಷಾಢದ ಗಾಳಿ ಗೊತ್ತಲ್ಲ, ಬೀಜದ ಗಿಡದ ಬೇರು ಆಳಕ್ಕೆ ಹೋಗ್ತದೆ, ಬೀಳೋದು ಕಮ್ಮಿ. ಮೂರಡಿ ಆದ ತಕ್ಷಣ ತುದಿ ಚಿವುಟಿ, ಪೊದೆ ಆಗ್ಲಿ, ಎತ್ತರ ಬಿಟ್ರೆ ಹುಡ್ರು ಹತ್ತೇ ಹತ್ತುತಾವೆ, ನುಗ್ಗೆ ಕೊಂಬೆ ಲಟಕ್ ಅಂತ ಮುರೀತದೆ. ಕ್ಲಾಸ್‌ರೂಮ್ ಕಿಟಕಿ ಪಕ್ಕ ಅಂತೂ ಬೇಡವೇ ಬೇಡ. ಮಳೆ ಬಿದ್ದ ಮೇಲೆ ಕಾಂಡದ ತುಂಬ ಕಂಬಳಿಹುಳ ಗುಂಪಾಗಿ ಅಂಟ್ಕೊಂಡಿರ್ತವೆ, ನಮ್ಮಲ್ಲಿ ಒಂದಿನ ಎಂಟು ಮಕ್ಳು ಮೈ ಕೆರ್ಕೊಂಡು ಅಳ್ತಾ ಕೂತಿದ್ವು. ಗಿಡ ಹತ್ತು ಹೆಜ್ಜೆ ದೂರ ಇರ್ಲಿ, ಹುಳ ಕಂಡ್ರೆ ಸಂಜೆ ಹುಡ್ರು ಹೋದ್ಮೇಲೆ ದೊಡ್ಡೋರು ಯಾರಾದ್ರೂ ಪಂಜು ಹಿಡಿದು ಸುಟ್ರೆ ಮುಗೀತು.

ಅಡಿಗೆಯೋರು ನುಗ್ಗೆಸೊಪ್ಪು ಬೇಡ ಅಂತಾರೆ, ನೋಡ್ತಿರ್ರಿ. 70 ಮಕ್ಕಳಿಗೆ ಆಗೋಷ್ಟು ಬಿಡಿಸೋಕೆ ಅರ್ಧ ದಿನ ಬೇಕು, ಅವ್ರು ಹೇಳೋದೂ ನ್ಯಾಯವೇ. ಹಿಂದಿನ ದಿನ ಸಂಜೆ ಕೊಂಬೆ ಕೊಯ್ದು ಹಳೇ ಪಂಚೇಲಿ ಬಿಗಿಯಾಗಿ ಸುತ್ತಿ ಇಟ್ಬಿಡಿ, ಬೆಳಿಗ್ಗೆ ಬಿಚ್ಚಿ ಒದರಿದ್ರೆ ಎಲೆ ತಾನಾಗೇ ಉದುರ್ತದೆ. ಇದನ್ನ ನಮಗೆ ಕಲಿಸಿದ್ದೂ ಆ ಅಕ್ಕನೇ.

ನೀರು. ಮಕ್ಳು ಕೈ, ತಟ್ಟೆ ತೊಳೆಯೋಕೆ ತಲೆಗೆ ಎರಡು ಲೀಟರ್ ಅಂದ್ರೂ ದಿನಕ್ಕೆ 140 ಲೀಟರ್ ಚರಂಡಿಗೆ ಹೋಗ್ತೈತೆ. ನಲ್ಲಿ ಕೆಳಗೆ ಜಲ್ಲಿ, ಮರಳು ತುಂಬಿದ ಒಂದು ಗುಂಡಿ ಮಾಡಿ ಅಲ್ಲಿಂದ ಕಾಲುವೆ ತೆಗೀರಿ, ಕಾಲುವೆ ಒಳಗೆ ಬಾಳೆ, ದಂಡೆ ಮೇಲೆ ಪಪ್ಪಾಯಿ (ಪಪ್ಪಾಯಿ ಬುಡದಲ್ಲಿ ನೀರು ನಿಂತ್ರೆ ಕೊಳೀತದೆ). ಸೋಪಿನ ಪುಡಿ ಬದ್ಲು ಬೂದಿ, ಸೀಗೆಪುಡಿ ಇಡ್ರಿ. ಈ ನೀರನ್ನ ಸೊಪ್ಪಿನ ಮಡಿಗೆ ಮಾತ್ರ ಬಿಡ್ಬೇಡ್ರಿ. ಸೊಪ್ಪಿಗೆ ಬೋರ್ ನೀರೇ ಆಗ್ಲಿ, ಹತ್ತು ಚದರ ಮೀಟರ್ ಮಡಿಗೆ ಬಿಸಿಲಲ್ಲಿ ದಿನಕ್ಕೆ 50 ಲೀಟರ್ ಹತ್ರ, ಅಂದ್ರೆ ನಾಲ್ಕೈದು ಬಿಂದಿಗೆ. ಮಾಳಿಗೆ ನೀರೂ ಹಿಡೀರಿ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ರೆ ಒಂದು ಲೀಟರ್, 100 ಚದರ ಮೀಟರ್ ಆರ್‌ಸಿಸಿ ಮೇಲೆ 20 ಮಿಲಿಮೀಟರಿನ ಒಂದೇ ಮಳೆಗೆ ಸೋರಿದ್ದು ಚೆಲ್ಲಿದ್ದು ಕಳೆದ್ರೂ 1,600 ಲೀಟರ್ ಸಿಂಟೆಕ್ಸ್‌ಗೆ ಬೀಳ್ತದೆ. ಇದನ್ನ ಆರನೇ ಕ್ಲಾಸಿಗೆ ಗಣಿತದಲ್ಲೇ ಮಾಡಿಸ್ಬೋದು.

ನಾನು ಮಾಡಿದ ಒಂದು ದಡ್ಡತನ ಹೇಳ್ಬಿಡ್ತೀನಿ. ಊರಿನ ಶುದ್ಧ ನೀರಿನ ಘಟಕದಿಂದ ವೇಸ್ಟ್ ನೀರು ರೋಡಿಗೆ ಹರೀತಿತ್ತು, ಪುಕ್ಸಟ್ಟೆ ನೀರು ಅಂತ ಪೈಪ್ ಎಳ್ದು ಮಡಿಗೆ ಬಿಟ್ಟೆ. ಮೂರು ತಿಂಗಳಿಗೆ ಮಣ್ಣಿನ ಮೇಲೆ ಬಿಳೀ ಪುಡಿ, ಮೆಂತ್ಯ ಮೊಳಕೇನೇ ಬರ್ಲಿಲ್ಲ. ಕುಡಿಯೋ ನೀರಿಂದ ತೆಗೆದ ಉಪ್ಪು, ಫ್ಲೋರೈಡ್ ಎಲ್ಲ ಆ ನೀರಲ್ಲೇ ಸೇರ್ಕೊಂಡಿರ್ತದೆ. ಬೇಡ.

ಶಾಲೆ ಜಾಗ ಹುಡ್ರು ಆಡಿ ಆಡಿ ಕಲ್ಲಾಗಿರ್ತದೆ, ಹಾರೆ ಹಾಕಿ ಒಂದಡಿ ಸಡಿಲ ಮಾಡಿ ಕೆರೆಗೋಡು (ಕೆರೆ ಹೂಳು), ಕೊಟ್ಟಿಗೆ ಗೊಬ್ಬರ ಸೇರ್ಸಿ. ಮೇಲೆ ಹೊದಿಕೆಗೆ ನಾವು ಮಿಲ್ಲಿಂದ ಶೇಂಗಾ ಹೊಟ್ಟು ತರ್ತೀವಿ, ನಿಮ್ಮ ಕಡೆ ಮೆಕ್ಕೆಜೋಳದ ರವದಿ ಬೇಕಾದಷ್ಟು. ದಾವಣಗೆರೆ ಮಂಡಕ್ಕಿ ಭಟ್ಟಿಯಿಂದ ಭತ್ತದ ಹೊಟ್ಟಿನ ಬೂದಿ ಸಿಕ್ರೆ ತರ್ಬೋದು, ಆದ್ರೆ ಟೈರ್ ಗೀರ್ ಸುಟ್ಟ ಬೂದಿ ಆಗಿರ್ಬಾರ್ದು, ಕೇಳ್ಕೊಂಡೇ ತನ್ರಿ. ಮಕ್ಕಳಿಗೆ ಕೊಡೋ ಮೊಟ್ಟೆ ಸಿಪ್ಪೆ ಹಂಗೇ ಎಸೆದ್ರೆ ಕರಗಲ್ಲ, ಒಣಗಿಸಿ ಪುಡಿ ಮಾಡಿ ಗೊಬ್ಬರದ ಗುಂಡಿಗೆ ಹಾಕ್ರಿ. ಬೇಲಿಗೆ ದುಡ್ಡಿಲ್ಲ ಅಂದ್ರೆ ಬಳ್ಳಾರಿ ಜಾಲಿ ಮುಳ್ಳು ಕಡಿದು ಒಡ್ಡಿ, ಒಳಗಡೆ ಸಾಲಾಗಿ ಗೊಬ್ಬರದ ಗಿಡದ (ಗ್ಲಿರಿಸಿಡಿಯಾ) ಗೂಟ ನೆಡ್ರಿ, ಅದು ಚಿಗುರಿ ಬೇಲಿ ಆಗೋವರೆಗೂ ಮುಳ್ಳು ಕಾಯ್ತೈತೆ.

ಇದೊಂದು ಮಾತು, ಬೇಜಾರಾಗ್ಬೇಡ್ರಿ. ನಾನು ಓದೋ ಕಾಲಕ್ಕೆ ತೋಟದ ಕೆಲ್ಸ ಅಂದ್ರೆ ಶಿಕ್ಷೆ, ಅದ್ರಲ್ಲೂ ಸೆಗಣಿ ಹೊರೋದು ಯಾವಾಗ್ಲೂ ಹಟ್ಟಿ (ದಲಿತರ ಕೇರಿ) ಹುಡ್ರೇ, ಹೂ ಕೀಳೋದು ಬೇರೆಯೋರು. ಹೇಳಿ ಮಾಡಿಸ್ತಿದ್ರು ಅಂತಲ್ಲ, ತಾನಾಗೇ ಹಂಗೆ ಆಗೋದು. ಅದಕ್ಕೇ ಪಾಳಿ ಪಟ್ಟಿ ಗೋಡೆ ಮೇಲೆ ಬರ್ದು ಹಾಕ್ರಿ, ಸೆಗಣಿ, ನೀರು, ಕಳೆ, ಕೊಯ್ಲು ನಾಲ್ಕೂ ಎಲ್ಲರಿಗೂ ಸುತ್ತಿ ಬರ್ಲಿ, ಹುಡುಗ್ರಿಗೂ ಹುಡ್ಗೀರಿಗೂ, ವಾರಕ್ಕೊಮ್ಮೆ ನಿಮಗೂ. ತಪ್ಪು ಮಾಡಿದೋನಿಗೆ ಹೋಗಿ ಕಳೆ ಕೀಳು ಅನ್ಬೇಡ್ರಿ.

ದುಡ್ಡಿನ ವಿಷ್ಯಕ್ಕೆ, ಶಾಲಾ ಪೌಷ್ಟಿಕ ತೋಟ ಅಂತ ಕೇಂದ್ರದ ಮಾರ್ಗಸೂಚಿ 2019ರಲ್ಲಿ ಬಂದೈತೆ, ಶಾಲೆಗೆ 5,000 ರೂಪಾಯಿ ಅಂತ ಐತೆ, ಅಕ್ಷರ ದಾಸೋಹದ ಅಧಿಕಾರಿಗಳ ಹತ್ರ ಕೇಳ್ರಿ. ನಾವು ಇಂಗುಗುಂಡಿ ಪಂಚಾಯ್ತಿಯಿಂದ ಮಾಡಿಸ್ಕೊಂಡ್ವಿ, ಪಿಡಿಒ ಹತ್ರ ನಾಲ್ಕು ಸಲ ಓಡಾಡಿದ್ದು ಬಿಟ್ರೆ ಖರ್ಚಿಲ್ಲ.

ಸರಿ, ನೀವು ಕೇಳಿದ ಲಿಸ್ಟ್. ಒಂದು ಮಡಿ ದಂಟು (ಅರ್ಕಾ ಸುಗುಣ ತಳಿ ಹಾಕಿದ್ರೆ ಮೂರ್ನಾಲ್ಕು ಸಲ ಕೊಯ್ಬೋದು), ಒಂದು ಮಡಿ ಮೆಂತ್ಯ, ಬೇಲಿಗೆ ಬಸಳೆ, ಅವರೆ, ಮೂಲೆಗೆ ಚಕ್ರಮುನಿ ನಾಲ್ಕು ಗಿಡ, ಕರಿಬೇವು ಎರಡು, ಪಪ್ಪಾಯಿ ಗುಂಡಿಗೆ ಎರಡೆರಡು ಸಸಿ, ಹೂ ಬಿಟ್ಟಾಗ ಒಂದು ಗಂಡು ಗಿಡ ಉಳಿಸ್ಕೊಂಡು ಮಿಕ್ಕ ಗಂಡು ಗಿಡ ಕಿತ್ತುಬಿಡಿ. ಮಳೆಗಾಲದಲ್ಲಿ ಬೇಕಿದ್ರೆ ಚವಳಿಕಾಯಿ. ಟೊಮೇಟೊ ಈ ವರ್ಷ ಬಿಡ್ರಿ, ರೋಗ, ಔಷಧಿ, ಮಕ್ಳ ಶಾಲೆಲಿ ಯಾಕೆ ಬೇಕು. ಬೀಜಕ್ಕೆ ನಾನು ಹಿರಿಯೂರು ಬಬ್ಬೂರು ಫಾರಂಗೆ ಹೋಗ್ತೀನಿ, ನಿಮಗೆ ದಾವಣಗೆರೆ ತರಳಬಾಳು ಕೆವಿಕೆ (ಕೃಷಿ ವಿಜ್ಞಾನ ಕೇಂದ್ರ) ಹತ್ರ ಆಗ್ತದೆ. ನುಗ್ಗೆ ಬೀಜ ಕೊಳ್ಬೇಡ್ರಿ, ನಮ್ಮ ಗಿಡದ್ದೇ ಒಂದು ಹಿಡಿ ಕಳಿಸ್ತೀನಿ, ಹುಬ್ಬೆ ಮಳೆ (ಆಗಸ್ಟ್ ಕೊನೆ, ಸೆಪ್ಟೆಂಬರ್ ಮೊದಲು) ಬಿದ್ದ ಮೇಲೆ ಹಾಕ್ರಿ. ಅಷ್ಟರೊಳಗೆ ಕೈ ತೊಳೆಯೋ ನಲ್ಲಿ ಎಲ್ಲೈತೆ, ಇಳಿಜಾರು ಯಾವ ಕಡೆ ಐತೆ ಅಂತ ಕಾಣೋ ಹಂಗೆ ಒಂದು ಫೋಟೋ ಇಲ್ಲೇ ಹಾಕಿ, ಬಾಳೆ ಕಾಲುವೆ ಎಲ್ಲಿ ತೆಗೀಬೇಕು ಅಂತ ಗೆರೆ ಹಾಕಿ ಕಳಿಸ್ತೀನಿ.