ಅಮೆರಿಕದ ಪೈಲಟ್ ಸಂಘಗಳು ವಿಮಾನದ ಸೀಟು ಎಣಿಸುವುದೇಕೆ?

ಅಲ್ಲಿ ಸೀಟಿನ ಲೆಕ್ಕವೆಂದರೆ ಕೆಲಸದ ಲೆಕ್ಕ. ಟಿಕೆಟ್ ಮೇಲೆ ಡೆಲ್ಟಾ ಅಥವಾ ಯುನೈಟೆಡ್‌ನಂಥ ದೊಡ್ಡ ವಿಮಾನ ಕಂಪನಿಯ ಹೆಸರಿದ್ದರೂ, ಸಣ್ಣ ಊರಿಗೆ ವಿಮಾನ ಹಾರಿಸುವವರು ಬಹಳ ಸಲ ಸ್ಕೈವೆಸ್ಟ್, ರಿಪಬ್ಲಿಕ್‌ನಂಥ ಗುತ್ತಿಗೆ ಕಂಪನಿಯವರು. ಬಣ್ಣ ದೊಡ್ಡವರದು, ಸಂಬಳ ಚಿಕ್ಕವರದು. ಹೀಗೇ ಬಿಟ್ಟರೆ ತಮ್ಮ ಕೆಲಸಕ್ಕೇ ಕುತ್ತು ಎಂದು ದೊಡ್ಡ ಕಂಪನಿಗಳ ಪೈಲಟ್‌ಗಳು ಒಪ್ಪಂದದಲ್ಲಿ 'ಸ್ಕೋಪ್ ಕ್ಲಾಜ್' ಎಂಬ ಷರತ್ತು ಹಾಕಿಸಿದ್ದಾರೆ: ಗುತ್ತಿಗೆ ವಿಮಾನದಲ್ಲಿ ಹೆಚ್ಚೆಂದರೆ 76 ಸೀಟು, ಟೇಕಾಫ್ ತೂಕ ಸುಮಾರು 39 ಟನ್, 50ಕ್ಕಿಂತ ಹೆಚ್ಚು ಸೀಟಿನ ವಿಮಾನಗಳ ಸಂಖ್ಯೆಗೂ ಮಿತಿ.

ಇದರ ಪರಿಣಾಮ ವಿಚಿತ್ರ. ಬ್ರೆಜಿಲ್‌ನ ವಿಮಾನ ತಯಾರಕ ಎಂಬ್ರೇರ್‌ನ ಹೊಸ ಜೆಟ್ ಇ175-ಇ2 ಇಂಧನ ಕಡಿಮೆ ಕುಡಿಯುತ್ತದೆ; ಆದರೆ ಹೊಸ ಎಂಜಿನ್ ಭಾರ, ತೂಕ ಮಿತಿ ದಾಟುತ್ತದೆ. ಹಾಗಾಗಿ ಅಮೆರಿಕದಲ್ಲಿ ಹಳೆಯ ಇ175 ಅನ್ನೇ ಕೊಳ್ಳುತ್ತಾರೆ. ಯುನೈಟೆಡ್ ಅಂತೂ 2019ರಲ್ಲಿ, 70 ಜನ ಕೂರಬಹುದಾದ ಸಿಆರ್‌ಜೆ ವಿಮಾನಕ್ಕೆ 50 ಸೀಟು ಹಾಕಿಸಿ ಸಂಖ್ಯೆಯ ಮಿತಿಯೊಳಗೇ ದಾರಿ ಮಾಡಿಕೊಂಡಿತು!

ಹಠ ಅತಿಯಾಯಿತು ಎನ್ನುವವರಿದ್ದಾರೆ. ನನಗೇನೋ ಪೈಲಟ್‌ಗಳ ಭಯ ಅರ್ಥವಾಗುತ್ತದೆ: 2000ದ ದಶಕದಲ್ಲಿ ವಿಮಾನ ಕಂಪನಿಗಳು ದಿವಾಳಿಯಾದ ದಿನಗಳಲ್ಲಿ ಈ ಷರತ್ತು ಸಡಿಲಿಸಿದರು, ಗುತ್ತಿಗೆ ಜೆಟ್‌ಗಳು ದೊಡ್ಡದಾಗುತ್ತಾ ಹೋದವು. ಇನ್ನೊಂದು ಇಕ್ಕಟ್ಟೂ ಇದೆ. ಡೆಲ್ಟಾ ಪೈಲಟ್‌ಗಳೂ ಅದರ ಗುತ್ತಿಗೆ ಹಾರಾಟ ನಡೆಸುವ ಎಂಡೆವರ್ ಪೈಲಟ್‌ಗಳೂ ಆಲ್ಪಾ ಎಂಬ ಒಂದೇ ಸಂಘದವರು; ಷರತ್ತು ಒಬ್ಬರ ಕೆಲಸ ಕಾದರೆ ಇನ್ನೊಬ್ಬರ ಕೆಲಸಕ್ಕೆ ಮಿತಿ ಹಾಕುತ್ತದೆ.