ವ್ಯಾಯಾಮ ಪ್ರಶ್ನೋತ್ತರ: ಕೆಟಲ್‌ಬೆಲ್ ಬೀಸಿದರೆ ನಡುನೋವೇಕೆ?

ಪ್ರಶ್ನೆ: ನಾನು ದಾವಣಗೆರೆಯ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವವನು; ವಯಸ್ಸು 42. ದಿನವಿಡೀ ಕುಳಿತೇ ಇರುತ್ತೇನೆ. ಮೈ ಗಟ್ಟಿಯಾಗಲಿ, ಬಿಗಿತವೂ ಹೋಗಲಿ ಎಂದು ಜಿಮ್ ಸೇರಿ 16 ಕೆ.ಜಿ.ಯ ಕೆಟಲ್‌ಬೆಲ್ (ಹಿಡಿಕೆಯುಳ್ಳ ಕಬ್ಬಿಣದ ಗುಂಡು) ಬೀಸತೊಡಗಿದೆ. ಹದಿನೈದೇ ದಿನಕ್ಕೆ ನಡುನೋವು ಬಂದಿದೆ. ಗರಡಿಯಲ್ಲಿ ಸಾಮು ಮಾಡಿದ ನಮ್ಮ ತಂದೆಯವರು, ಅದನ್ನು ಬಿಟ್ಟು ದಂಡ, ಬಸ್ಕಿ ಹೊಡೆ ಎನ್ನುತ್ತಾರೆ. ಬಿಡಬೇಕೇ?

ಉತ್ತರ: ಬಿಡಬೇಕಿಲ್ಲ, ಆದರೆ ನೋವು ಪೂರ್ತಿ ಇಳಿಯುವವರೆಗೆ ಬೀಸುವುದನ್ನು ನಿಲ್ಲಿಸಿ. ನೋವು ಕಾಲಿಗೆ ಇಳಿಯುತ್ತಿದ್ದರೆ ಅಥವಾ ಕಾಲು ಜೋಮು ಹಿಡಿಯುತ್ತಿದ್ದರೆ ಮೊದಲು ವೈದ್ಯರಿಗೆ ತೋರಿಸಿ.

ನಿಮ್ಮ ಕಸುಬಿಗೂ ಈ ಗುಂಡಿಗೂ ಹಳೆಯ ನಂಟಿದೆ. ರಷ್ಯಾದ ಮಾರುಕಟ್ಟೆಗಳಲ್ಲಿ ಧಾನ್ಯ ತೂಗಲು ಬಳಸುತ್ತಿದ್ದ ಹಿಡಿಕೆಯುಳ್ಳ ಕಬ್ಬಿಣದ ತೂಕವೇ ಇದು. ಅಲ್ಲಿಯ ‘ಪೂದ್’ ಎಂಬ ಅಳತೆ ಸುಮಾರು 16.38 ಕೆ.ಜಿ. ಇದ್ದುದರಿಂದಲೇ ಇಂದಿಗೂ 16, 24, 32 ಕೆ.ಜಿ.ಯ ಗುಂಡುಗಳು ರೂಢಿಯಲ್ಲಿವೆ. ಡಂಬೆಲ್ಲಿನ ಭಾರ ಮುಷ್ಟಿಯ ಎರಡೂ ಬದಿಗೆ ಸಮನಾಗಿ ಹಂಚಿರುತ್ತದೆ. ಕೆಟಲ್‌ಬೆಲ್ಲಿನ ಭಾರ ಹಿಡಿಕೆಯಿಂದ ದೂರದಲ್ಲಿ ತೂಗುವುದರಿಂದ, ಬೀಸುವಾಗ ಬೆನ್ನು ಸ್ವಲ್ಪ ಬಾಗಿದರೂ ಆ ಎಳೆತವೆಲ್ಲ ನಡುವಿನ ಮೇಲೆ ಬೀಳುತ್ತದೆ.

ಹೊಸಬರಲ್ಲಿ ನಾನು ಮತ್ತೆ ಮತ್ತೆ ಕಾಣುವ ತಪ್ಪೆಂದರೆ, ಬೆನ್ನು ಬಾಗಿಸಿ ತೋಳಿನಿಂದ ಗುಂಡನ್ನು ಮೇಲೆತ್ತುವುದು. ಬಾಗಬೇಕಾದುದು ತೊಡೆಯ ಬುಡದ ಕೀಲು. ಗೋಡೆಗೆ ಬೆನ್ನು ಮಾಡಿ, ಒಂದು ಪಾದದಷ್ಟು ಮುಂದೆ ನಿಂತು, ಬೆನ್ನನ್ನು ಹಲಗೆಯಂತೆ ನೇರವಾಗಿಟ್ಟು, ಮಂಡಿ ತುಸುವೇ ಮಡಿಸಿ ಪೃಷ್ಠದಿಂದ ಗೋಡೆಯನ್ನು ಮುಟ್ಟಿ. ಆಗ ತೊಡೆಯ ಹಿಂಭಾಗ ಬಿಗಿಯುವುದು ನಿಮಗೇ ತಿಳಿಯುತ್ತದೆ. ಪೃಷ್ಠವನ್ನು ಬಿಗಿದು ಥಟ್ಟನೆ ನೆಟ್ಟಗೆ ನಿಂತಾಗ ಹುಟ್ಟುವ ಬಲವೇ ಗುಂಡನ್ನು ಎದೆಯ ಎತ್ತರಕ್ಕೆ ತೇಲಿಸಬೇಕು, ತೋಳುಗಳು ಬರಿಯ ಹಗ್ಗದಂತಿರಬೇಕು. ಬರಿಗೈಯಲ್ಲಿ ಈ ಚಲನೆ ಕೂಡಿಬರುವ ತನಕ ಗುಂಡನ್ನು ಮುಟ್ಟಬೇಡಿ. ಆಮೇಲೆ 8 ಅಥವಾ 12 ಕೆ.ಜಿ. ಹಿಡಿದು, ಹಿಡಿಕೆಯಲ್ಲಿ ಟವೆಲ್ ತೂರಿಸಿ, ಅದರ ಎರಡೂ ತುದಿ ಹಿಡಿದು ಮೆಲ್ಲಗೆ ಬೀಸಿ ನೋಡಿ: ಟವೆಲ್ಲೂ ಗುಂಡೂ ಒಂದೇ ಗೆರೆಯಲ್ಲಿದ್ದರೆ ಸರಿ, ಗುಂಡು ಕೆಳಕ್ಕೆ ಜೋತರೆ ನೀವು ಇನ್ನೂ ತೋಳಿನಿಂದಲೇ ಎತ್ತುತ್ತಿದ್ದೀರಿ.

ತಂದೆಯವರ ಮಾತನ್ನು ತಳ್ಳಿಹಾಕಬೇಡಿ. ದಂಡ ಭುಜಕ್ಕೂ ಬೆನ್ನಿಗೂ ಬಹಳ ಒಳ್ಳೆಯದು. ಬಸ್ಕಿಯಲ್ಲಿ ಮಾತ್ರ ಹಿಮ್ಮಡಿ ಮೇಲೇಳುತ್ತದೆ. ನಿಮ್ಮಂತೆ ಕುಳಿತೇ ಇರುವವರ ಬಿಗಿದ ಕಣಕಾಲಿಗೆ ಹಿಮ್ಮಡಿ ಊರಿ ಕೂರುವುದು ಹೆಚ್ಚು ಬೇಕು. ಗುಂಡನ್ನು ಎರಡೂ ಕೈಯಲ್ಲಿ ಎದೆಗೆ ಹಿಡಿದು, ಮೊಣಕೈಗಳು ಮಂಡಿಗಳ ಒಳಬದಿಗೆ ಬರುವಷ್ಟು ಕೆಳಗೆ ಕುಳಿತು, ಎರಡು ಉಸಿರು ನಿಂತು ಏಳಿ. ಬಲವೂ ಮೈಯ ಸಡಿಲವೂ ಒಟ್ಟಿಗೆ ಬರುವುದು ಹೀಗೆ ಭಾರದೊಂದಿಗೆ ಕೀಲನ್ನು ಪೂರ್ತಿ ಮಡಿಸಿದಾಗಲೇ ಎಂಬುದು ನನ್ನ ದೃಢವಾದ ನಂಬಿಕೆ.

ವಾರಕ್ಕೆ ಮೂರು ದಿನ, ಇಪ್ಪತ್ತು ನಿಮಿಷ ಸಾಕು: ಹೀಗೆ ಗುಂಡು ಹಿಡಿದು ಕೂತೇಳುವುದು ಐದರಂತೆ ಮೂರು ಸುತ್ತು, ಬೀಸುವುದು ಹತ್ತರಂತೆ ಐದು ಸುತ್ತು, ನಡುವೆ ನಿರಾಯಾಸವಾಗಿ ಮಾತನಾಡುವಷ್ಟು ಉಸಿರು ಮರಳುವವರೆಗೆ ವಿಶ್ರಾಂತಿ. ಉಸಿರು ಕಟ್ಟಬೇಡಿ, ರಕ್ತದೊತ್ತಡವಿದ್ದರೆ ಇದು ಇನ್ನೂ ಮುಖ್ಯ. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷದ ಮಧ್ಯಮ ಶ್ರಮದ ಚಟುವಟಿಕೆಯ ಜೊತೆಗೆ ಎರಡು ದಿನ ಸ್ನಾಯುಬಲದ ವ್ಯಾಯಾಮವನ್ನೂ ಹೇಳಿರುವುದರಿಂದ, ಬಿರುಸು ನಡಿಗೆಯನ್ನು ಬಿಡಬೇಡಿ.

ಪ್ರಶ್ನೆ: ಚಿತ್ರದುರ್ಗದಲ್ಲಿರುವ ಗೃಹಿಣಿ ನಾನು. ಕೆಟಲ್‌ಬೆಲ್ ಬದಲು ನೀರು ತುಂಬಿದ ಕ್ಯಾನ್ ಬಳಸಬಹುದೇ?

ಉತ್ತರ: ಬೀಸಲು ಖಂಡಿತ ಬೇಡ, ನೀರು ತುಳುಕಿ ಭಾರ ಜಗ್ಗುತ್ತದೆ, ಪ್ಲಾಸ್ಟಿಕ್ ಹಿಡಿಕೆಯೂ ಕಿತ್ತುಬರಬಹುದು. ಹೊತ್ತು ನಡೆಯಲು ಮಾತ್ರ ಅದು ಚೆನ್ನಾಗಿ ಒದಗುತ್ತದೆ. ಐದು ಲೀಟರಿನ ಕ್ಯಾನನ್ನು ಒಂದೇ ಕೈಯಲ್ಲಿ ಹಿಡಿದು, ಭುಜ ಆ ಕಡೆಗೆ ವಾಲದಂತೆ ಅಂಗಳದಲ್ಲಿ ನಲವತ್ತು ಹೆಜ್ಜೆ ನಡೆದು, ಕೈ ಬದಲಿಸಿಕೊಂಡು ಮರಳಿ ಬನ್ನಿ.