ಸಂಸಾರ, ದೇವರು, ಹೋರಾಟ ಮೂರನ್ನೂ ಒಟ್ಟಿಗೆ ಬದುಕಿದ ನರ್ಸ್ ಯಾರಾದರೂ ಇದ್ದಾರಾ?

ನೀವು ನರ್ಸಿಂಗ್ ಓದುತ್ತಿದ್ದೀರಿ. ಈ ಕೆಲಸಕ್ಕೆ ಹೋದರೆ ಸಂಸಾರ ನೋಡಿಕೊಳ್ಳೋಕೆ ಆಗಲ್ಲ, ದೇವರಿಗೊಂದು ದೀಪ ಹಚ್ಚೋಕೂ ಪುರಸೊತ್ತು ಇರಲ್ಲ ಅಂತ ಮನೆಯಲ್ಲಿ ಹೇಳ್ತಾರೆ. ಇವೆರಡನ್ನೂ ಬಿಡದೆ ಜನರ ಪರವಾಗಿಯೂ ನಿಂತ ನರ್ಸ್ ಒಬ್ಬರ ಬಗ್ಗೆ ಹೇಳಿ ಅಂತ ಕೇಳಿದ್ದೀರಿ.

ನನಗೆ ಮೊದಲು ನೆನಪಾಗುವುದು ಇಂಗ್ಲೆಂಡಿನ ಸಿಸಿಲಿ ಸಾಂಡರ್ಸ್. ನಾನು ಪ್ಯಾಲಿಯೇಟಿವ್ ಕೇರ್ ನರ್ಸ್. ವಾಸಿಯಾಗದ ಕಾಯಿಲೆ ಇರುವವರ ಮನೆಗೆ ಹೋಗಿ ನೋವು, ಗಾಯ, ನಿದ್ದೆ, ಊಟ ಎಲ್ಲ ನೋಡಿಕೊಳ್ಳುವುದು ನನ್ನ ಕೆಲಸ. ಈ ಕೆಲಸಕ್ಕೆ ದಾರಿ ಮಾಡಿಕೊಟ್ಟವರೇ ಅವರು. ಆದರೂ ನಮ್ಮ ಎಷ್ಟೋ ನರ್ಸಿಂಗ್ ಹುಡುಗಿಯರಿಗೆ ನೈಟಿಂಗೇಲ್ ಗೊತ್ತು, ಇವರು ಗೊತ್ತಿಲ್ಲ. ಅದು ನನಗೆ ನಿಜವಾಗಿಯೂ ಬೇಜಾರು.

ಸಿಸಿಲಿ ಹುಟ್ಟಿದ್ದು 1918ರಲ್ಲಿ. ಅನುಕೂಲಸ್ಥರ ಮನೆ. ಆಕ್ಸ್‌ಫರ್ಡ್‌ನಲ್ಲಿ ಓದುತ್ತಿದ್ದಾಗ ಎರಡನೇ ಮಹಾಯುದ್ಧ ಶುರುವಾಯಿತು. ಓದು ಬಿಟ್ಟು ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯ ನೈಟಿಂಗೇಲ್ ಶಾಲೆಗೆ ಸೇರಿದರು. ನರ್ಸ್ ಆದರು. ಆದರೆ ಬೆನ್ನುನೋವು ಎಷ್ಟು ಜಾಸ್ತಿ ಆಯಿತೆಂದರೆ ವಾರ್ಡಿನಲ್ಲಿ ನಿಂತು ಕೆಲಸ ಮಾಡೋಕೆ ಆಗಲಿಲ್ಲ. ಆಸ್ಪತ್ರೆ ಬಿಡುವ ಮನಸ್ಸಿರಲಿಲ್ಲ. ರೋಗಿಗಳ ಮನೆ, ಹಣಕಾಸಿನ ಕಷ್ಟ ವಿಚಾರಿಸಿಕೊಳ್ಳುವ ಸೋಷಿಯಲ್ ವರ್ಕರ್ ಆಗಲು ಓದಿ ಆಸ್ಪತ್ರೆ ಕೆಲಸಕ್ಕೆ ಮರಳಿದರು. ಅದೇ ಹೊತ್ತಿಗೆ, 1945ರಲ್ಲಿ, ದೇವರ ಮೇಲೆ ಗಟ್ಟಿ ನಂಬಿಕೆ ಬಂತು. ಅಲ್ಲಿಯವರೆಗೆ ಅವರಿಗೆ ಅಂಥ ನಂಬಿಕೆ ಇರಲಿಲ್ಲ.

1947ರಲ್ಲಿ ಅವರ ವಾರ್ಡಿಗೆ ಡೇವಿಡ್ ತಾಸ್ಮಾ ಅನ್ನುವ ರೋಗಿ ಬಂದರು. ವಾರ್ಸಾದಿಂದ ಬಂದ ಯಹೂದಿ. ಸುಮಾರು 40 ವಯಸ್ಸು, ಹೋಟೆಲಿನಲ್ಲಿ ಮಾಣಿ ಕೆಲಸ, ಆಪರೇಷನ್ ಮಾಡಲಾಗದ ಕ್ಯಾನ್ಸರ್. ಲಂಡನ್ನಿನಲ್ಲಿ ತನ್ನವರು ಅಂತ ಯಾರೂ ಇರಲಿಲ್ಲ. ಸಿಸಿಲಿ ಹೋಗಿ ಅವರ ಹಾಸಿಗೆ ಪಕ್ಕ ಕೂರುತ್ತಿದ್ದರು. ನೆಮ್ಮದಿ ಆಗುವಂಥ ಏನಾದರೂ ಹೇಳಿ ಅಂತ ಒಂದು ದಿನ ಅವರು ಕೇಳಿದರು. ಸಿಸಿಲಿ ಬಾಯಿಪಾಠವಾಗಿದ್ದ ಬೈಬಲ್‌ನ ಕೀರ್ತನೆಯೊಂದನ್ನು ಹೇಳಿದರು. ಇನ್ನೂ ಓದಲಾ ಅಂದಾಗ ಅವರು, ಬೇಡ, ನಿಮ್ಮ ಬುದ್ಧಿಯಲ್ಲಿ, ನಿಮ್ಮ ಹೃದಯದಲ್ಲಿ ಇರುವುದಷ್ಟೇ ನನಗೆ ಬೇಕು ಅಂದರು.

ಸಾಯುವವರಿಗೆ ಆಸ್ಪತ್ರೆಯ ಗದ್ದಲ ಇಲ್ಲದ ಒಂದು ಜಾಗ ಇರಬೇಕು ಅಂತ ಇಬ್ಬರೂ ಮಾತಾಡಿಕೊಳ್ಳುತ್ತಿದ್ದರು. 1948ರಲ್ಲಿ ತಾಸ್ಮಾ ತೀರಿಕೊಂಡರು. ನಿಮ್ಮ ಮನೆಗೆ ನಾನೊಂದು ಕಿಟಕಿ ಆಗುತ್ತೇನೆ ಅಂತ ಹೇಳಿ 500 ಪೌಂಡ್ ಬಿಟ್ಟುಹೋಗಿದ್ದರು. ಆ ಕಿಟಕಿಗೆ ಗೋಡೆ ಕಟ್ಟಲು ಸಿಸಿಲಿಗೆ 19 ವರ್ಷ ಬೇಕಾಯಿತು.

ಆ ವರ್ಷಗಳಲ್ಲಿ ಅವರು ಸುಮ್ನೆ ಕೂರಲಿಲ್ಲ. ಸಾಯುವ ಹಂತದವರನ್ನು ನೋಡಿಕೊಳ್ಳುವ ಸೇಂಟ್ ಲೂಕ್ಸ್ ಅನ್ನುವ ಕಡೆ ಸಂಜೆ ಹೊತ್ತು ಸಂಬಳ ಇಲ್ಲದೆ ನರ್ಸ್ ಕೆಲಸ ಮಾಡಿದರು. ಅಲ್ಲಿ ಅಫೀಮಿನಿಂದ ಮಾಡುವ ನೋವಿನ ಔಷಧ ಮಾರ್ಫಿನ್ ಅನ್ನು ಹೊತ್ತು ಹೊತ್ತಿಗೆ ಸರಿಯಾಗಿ ಬಾಯಿಗೆ ಕೊಡುತ್ತಿದ್ದರು. ಬೇರೆ ಕಡೆ ರೋಗಿ ನೋವಿನಿಂದ ಕಿರುಚುವ ತನಕ ಕಾದು ಇಂಜೆಕ್ಷನ್ ಹಾಕುತ್ತಿದ್ದರು. ಈ ವ್ಯತ್ಯಾಸ ಅವರ ಕಣ್ಣಿಗೆ ಬಿತ್ತು. ಆದರೆ ನರ್ಸ್ ಹೇಳಿದರೆ ಯಾರು ಕೇಳುತ್ತಾರೆ? ಜೊತೆಯಲ್ಲಿದ್ದ ಸರ್ಜನ್ ಒಬ್ಬರು, ಸಾಯುವವರನ್ನು ಕೈಬಿಡುವುದು ಡಾಕ್ಟರುಗಳೇ, ಹೋಗಿ ನೀನೇ ಡಾಕ್ಟರ್ ಓದು ಅಂದರು. ಮೂವತ್ತು ದಾಟಿದ ಮೇಲೆ ಮೆಡಿಕಲ್ ಕಾಲೇಜು ಸೇರಿ 1957ರಲ್ಲಿ ಡಾಕ್ಟರ್ ಆದರು. ಸೇಂಟ್ ಜೋಸೆಫ್ಸ್ ಅನ್ನುವ ಹಾಸ್ಪೈಸ್‌ನಲ್ಲಿ, ಅಂದರೆ ಸಾಯುವ ಹಂತದವರನ್ನು ನೋಡಿಕೊಳ್ಳುವ ಮನೆಯಲ್ಲಿ, ಸಾವಿರಕ್ಕೂ ಹೆಚ್ಚು ರೋಗಿಗಳ ದಾಖಲೆ ಇಟ್ಟರು. ನೋವು ಮತ್ತೆ ತಲೆ ಎತ್ತುವ ಮೊದಲೇ ಔಷಧ ಕೊಟ್ಟರೆ ರೋಗಿ ಎಚ್ಚರವಾಗಿರುತ್ತಾರೆ, ಮಾತಾಡುತ್ತಾರೆ ಅಂತ ಊರೂರು ತಿರುಗಿ ಹೇಳಿದರು, ಬರೆದರು. 1967ರಲ್ಲಿ ಲಂಡನ್ನಿನ ಸಿಡೆನ್‌ಹ್ಯಾಮ್‌ನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ಬಾಗಿಲು ತೆರೆಯಿತು. ತಾಸ್ಮಾ ಹೆಸರಿನ ಕಿಟಕಿ ಅಲ್ಲಿದೆ.

ನೋವು ಬರೀ ಮೈಯದ್ದಲ್ಲ, ಮನಸ್ಸಿನದು, ಮನೆಯದು, ನಂಬಿಕೆಯದು ಎಲ್ಲ ಸೇರಿರುತ್ತದೆ ಅಂತ ಅವರು ಹೇಳಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಬಾಯಿ ಕ್ಯಾನ್ಸರ್ ಆಗಿದ್ದ ಒಬ್ಬ ಅಜ್ಜಿಯ ಮನೆ. ಮಾರ್ಫಿನ್ ಮಾತ್ರೆ ಕೊಟ್ಟಾಗ ಮಗ ನನ್ನನ್ನು ಹೊರಗೆ ಕರೆದು, "ಸಿಸ್ಟರ್, ಇದು ಅಮಲಿನ ಮಾತ್ರೆ ಅಲ್ವಾ? ಅಮ್ಮಂಗೆ ಚಟ ಹತ್ತಿದ್ರೆ?" ಅಂದರು. ನೋವಿಗೆ ಅಂತ ಲೆಕ್ಕವಾಗಿ ಕೊಟ್ಟರೆ ಹಾಗೆ ಆಗುವುದು ತೀರಾ ಅಪರೂಪ ಅಂತ ಕೂರಿಸಿಕೊಂಡು ಹೇಳಿದೆ. ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10 ಅಂತ ಬರೆದೆ. ಸೊಸೆಗೆ ಓದಲು ಬರುತ್ತಿರಲಿಲ್ಲ. ಅದಕ್ಕೆ ಪಕ್ಕದಲ್ಲಿ ಸೂರ್ಯ, ಚಂದ್ರ ಬಿಡಿಸಿದೆ. ರಾತ್ರಿ 2 ಗಂಟೆಗೆ ಯಾರೂ ಏಳಬಾರದು ಅಂತ ಡಾಕ್ಟರ್ ಹತ್ತು ಗಂಟೆಯದನ್ನು ಎರಡರಷ್ಟು ಬರೆದಿದ್ದರು. ಜೊತೆಗೆ ಮೋಷನ್ ಸಲೀಸಾಗಿ ಆಗಲು ಇನ್ನೊಂದು ಔಷಧ, ಯಾಕೆಂದರೆ ಮಾರ್ಫಿನ್ ಹೊಟ್ಟೆ ಕಟ್ಟುತ್ತದೆ. ಮುಂದಿನ ಸಲ ಹೋದಾಗ ಅಜ್ಜಿ ತಲೆ ಬಾಚಿಸಿಕೊಂಡು ಕೂತಿದ್ದರು. ನಿದ್ದೆ ಬಂತಂತೆ. ಆದರೂ ಮುಖ ಬಾಡಿತ್ತು. ಕೈ ಹಿಡಿದು ಕೇಳಿದಾಗ ಸಂಘದ ಸಾಲ ಇನ್ನೂ ತೀರಿಲ್ಲ ಅಂತ ಅತ್ತರು. ಆ ನೋವಿಗೆ ಮಾತ್ರೆ ಇಲ್ಲ. ಮಗನನ್ನು ಕರೆಸಿ, ಉಳಿದ ಕಂತು ನಾನು ಕಟ್ತೀನಮ್ಮ ಅಂತ ಅವರ ಬಾಯಲ್ಲೇ ಹೇಳಿಸಬೇಕಾಯಿತು.

ನಮ್ಮ ದೇಶದಲ್ಲಿ ಗಸಗಸೆ ಬೆಳೆ ಇದೆ, ಅಫೀಮು ಹೊರದೇಶಕ್ಕೂ ಹೋಗುತ್ತದೆ. ಆದರೆ 1985ರ ಮಾದಕ ವಸ್ತು ಕಾನೂನಿನ ಬಿಗಿಯಿಂದ ನಮ್ಮದೇ ರೋಗಿಗಳಿಗೆ ಮಾರ್ಫಿನ್ ಸಿಗುತ್ತಿರಲಿಲ್ಲ. 1993ರಲ್ಲಿ ಕೇರಳದ ಕೋಝಿಕ್ಕೋಡಿನಲ್ಲಿ ಪ್ಯಾಲಿಯೇಟಿವ್ ಕೇರ್ ಕೆಲಸ ಶುರು ಮಾಡಿದ ಡಾ. ಎಂ. ಆರ್. ರಾಜಗೋಪಾಲ್ ಅಂಥವರು ವರ್ಷಗಟ್ಟಲೆ ಬೆನ್ನು ಹತ್ತಿದ ಮೇಲೆ 2014ರಲ್ಲಿ ಕಾನೂನು ತಿದ್ದುಪಡಿ ಆಯಿತು. ಬೆಂಗಳೂರಿನ ಕರುಣಾಶ್ರಯ 1999ರಿಂದ ಕ್ಯಾನ್ಸರ್ ರೋಗಿಗಳನ್ನು ಹಣ ತೆಗೆದುಕೊಳ್ಳದೆ ನೋಡಿಕೊಳ್ಳುತ್ತಿದೆ. ಸಿಸಿಲಿ ದಯಾಮರಣದ ಕಾನೂನನ್ನು ಕೊನೆಯವರೆಗೂ ವಿರೋಧಿಸಿದರು. ನೋವು ಕಡಿಮೆ ಮಾಡದೆ ಸಾವನ್ನು ಕೊಡುವುದು ಸರಿಯಲ್ಲ ಅನ್ನುವ ಅವರ ವಾದ ನನಗೂ ಒಪ್ಪಿಗೆ. 2025ರ ಜನವರಿಯಲ್ಲಿ ನಮ್ಮ ರಾಜ್ಯ ಸರ್ಕಾರ ಗೌರವದಿಂದ ಸಾಯುವ ಹಕ್ಕಿನ ಸುತ್ತೋಲೆ ಹೊರಡಿಸಿತು. ಅದು ದಯಾಮರಣವಲ್ಲ, ಫಲವಿಲ್ಲದ ಚಿಕಿತ್ಸೆ ನಿಲ್ಲಿಸುವ ವಿಷಯ. ಅದು ಬೇಕು. ಅದರ ಜೊತೆಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಮಾರ್ಫಿನ್ ಮಾತ್ರೆಯೂ ಬೇಕು.

ಇನ್ನು ಸಂಸಾರ. ಸಿಸಿಲಿಯ ತಂದೆತಾಯಿ ಬೇರೆಯಾದರು. ಅವರಿಗೆ ಮಕ್ಕಳಾಗಲಿಲ್ಲ. 1963ರಲ್ಲಿ ಪೋಲೆಂಡಿನ ಕಲಾವಿದ ಮರಿಯನ್ ಬೊಹುಶ್ ಅವರ ಚಿತ್ರ ಮೆಚ್ಚಿ ಕೊಂಡರು, ಪರಿಚಯವಾಯಿತು. ಮರಿಯನ್ ಆಗಲೇ ಮದುವೆಯಾಗಿ ಹೆಂಡತಿಯಿಂದ ದೂರವಿದ್ದವರು. ಕೊನೆಗೆ ಇಬ್ಬರೂ ಮದುವೆ ಆಗಿದ್ದು 1980ರಲ್ಲಿ. ಆಗ ಸಿಸಿಲಿಗೆ 61, ಅವರಿಗೆ ಎಂಬತ್ತರ ಹತ್ತಿರ. 1995ರಲ್ಲಿ ಅವರು ಸಾಯುವ ತನಕ ಸಿಸಿಲಿ ನೋಡಿಕೊಂಡರು. 2005ರಲ್ಲಿ ತಾವೂ ಸೇಂಟ್ ಕ್ರಿಸ್ಟೋಫರ್ಸ್‌ನಲ್ಲೇ ತೀರಿಕೊಂಡರು.

ಅಂದರೆ ನಿಮ್ಮ ಮನೆಯವರು ಕಲ್ಪಿಸಿಕೊಂಡಂಥ ಸಂಸಾರ ಅವರದ್ದಲ್ಲ. ಆದರೆ ಬೇರೆಯವರ ಸಂಸಾರದ ಬಗ್ಗೆ ಅವರಿಗೆ ತುಂಬ ಕಾಳಜಿ ಇತ್ತು. ಸೇಂಟ್ ಕ್ರಿಸ್ಟೋಫರ್ಸ್‌ನಲ್ಲಿ ಕೆಲಸ ಮಾಡುವವರ ಮಕ್ಕಳಿಗೆ ಅಲ್ಲೇ ಶಿಶುವಿಹಾರ ಮಾಡಿದ್ದರು. ಕ್ರಿಶ್ಚಿಯನ್ ನಂಬಿಕೆಯ ಮೇಲೆ ಕಟ್ಟಿದ ಜಾಗವಾದರೂ ಯಾವ ಧರ್ಮದವರಿಗೂ, ಧರ್ಮ ಬೇಡ ಅನ್ನುವವರಿಗೂ ಬಾಗಿಲು ತೆರೆದಿತ್ತು. ನಮ್ಮಲ್ಲಿ 50 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಶಿಶುವಿಹಾರ ಇರಲೇಬೇಕು ಅಂತ 2017ರಲ್ಲಿ ಹೆರಿಗೆ ಸೌಲಭ್ಯದ ಕಾನೂನಿಗೆ ಸೇರಿಸಿದ್ದಾರೆ. ಕೆಲಸಕ್ಕೆ ಇಂಟರ್‌ವ್ಯೂಗೆ ಹೋದಾಗ ಸಂಬಳ ಎಷ್ಟು, ನೈಟ್ ಡ್ಯೂಟಿ ಎಷ್ಟು ಅನ್ನುವುದರ ಜೊತೆಗೆ ಇದನ್ನೂ ಕೇಳಿ. ಒಬ್ಬರೇ ಕೇಳೋಕೆ ಮುಜುಗರ ಆದರೆ ನಿಮ್ಮ ಬ್ಯಾಚಿನವರೆಲ್ಲ ಸೇರಿ ಕೇಳಿ.